ಹೋಗದ ಬಣ್ಣ: ಮಲೆನಾಡಿನ ಒಂದು ಊರಿನಲ್ಲಿ ಗೋಡೆ ಚಿತ್ರದ ರೆಸಿಡೆನ್ಸಿ

ಇದು ಸಾಗರ ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ವಿಷಯ. ಊರಿನ ಹೆಸರು, ಕಲಾವಿದರ ಹೆಸರು, ಹಣ ಕೊಟ್ಟವರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರೆಸಿಡೆನ್ಸಿ ಅಂದರೆ ಕಲಾವಿದರು ಕೆಲವು ದಿನ ಒಂದು ಊರಲ್ಲೇ ಉಳಿದು ಕೆಲಸ ಮಾಡುವುದು. ನಾನು ಆ ರೆಸಿಡೆನ್ಸಿಯ ಸಂಯೋಜಕನಾಗಿದ್ದೆ. ಇಲ್ಲಿ ಬರುವ ತಪ್ಪು ನಿರ್ಧಾರಗಳಲ್ಲಿ ಹೆಚ್ಚಿನವು ನನ್ನವೇ. ಹೊರಗಿನ ಕಲಾವಿದರನ್ನು ಕರೆಸಿ ಊರಿನ ಗೋಡೆಗಳ ಮೇಲೆ ಚಿತ್ರ ಬರೆಸುವ ಆಸೆ ಈಗ ಬೇರೆ ಬೇರೆ ಕಡೆ ಹುಟ್ಟುತ್ತಿದೆ. ಆ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿ ಅಂತ ಬರೆದಿದ್ದೇನೆ.

ಊರು ಮತ್ತು ನಾವು

ಊರಲ್ಲಿ 60 ಚಿಲ್ಲರೆ ಮನೆ. ಕೆಳಗೆ ಗದ್ದೆ, ಪಕ್ಕದ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಕಾನು ಅನ್ನುವ ದಟ್ಟ ಕಾಡು. ಅರ್ಧದಷ್ಟು ಮನೆಗಳು ಈಗ ಸಿಮೆಂಟಿನವು. ಉಳಿದವು ಮಣ್ಣಿನ ಗೋಡೆಯ ಹಳೇ ಮನೆಗಳು. ಇಲ್ಲಿ ಹೆಚ್ಚಿನವರು ದೀವರ ಸಮುದಾಯದವರು.

ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಗೊತ್ತಿಲ್ಲದವರಿಗೆ ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಮದುವೆ ಬಂತೆಂದರೆ ಮನೆಯ ಒಳಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅದು ಒಣಗಿದ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿಯಲ್ಲಿ ಚಿತ್ತಾರ ಏಳುತ್ತದೆ. ಕಪ್ಪಿಗೆ ಕರ್ರಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ. ಎಳೆಯ ಪಕ್ಕ ಎಳೆ ಇಡುತ್ತಾ ಹೋಗುತ್ತಾರೆ. ನಡುವೆ ಮದುಮಕ್ಕಳು ಬರುತ್ತಾರೆ. ಆ ಗೋಡೆಯ ಮುಂದೆಯೇ ಗಂಡು ಹೆಣ್ಣನ್ನು ಹಸೆಗೆ ಕೂರಿಸುತ್ತಾರೆ. ಬರೆಯುವಾಗ ಹಾಡು ಹೇಳುತ್ತಾರೆ. ಹೌದು, ಇವರ ಬಾಯಲ್ಲಿ ಚಿತ್ತಾರ ‘ಬಿಡಿಸುವುದು’ ಅಲ್ಲ, ‘ಬರೆಯುವುದು’. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇವೇ ಎಳೆಗಳು ಇರುತ್ತವೆ.

ಇಂಥ ಊರಿಗೆ ನಾವು ಮೂವರು ಕಲಾವಿದರನ್ನು ಕರೆದುಕೊಂಡು ಹೋದೆವು. 28 ದಿನ, ಆರು ಗೋಡೆ. ಹಣ ಕೊಟ್ಟವರಿಗೆ ನಾವು ಬರೆದುಕೊಟ್ಟ ಮಾತು ಇದು. ಒಬ್ಬರು ಬೆಂಗಳೂರಿನವರು. ಎತ್ತರದ ಕಟ್ಟಡಗಳ ಮೇಲೆ ದೊಡ್ಡ ಚಿತ್ರ ಬರೆದು ಅನುಭವ ಇದ್ದವರು. ಇನ್ನೊಬ್ಬರು ಕರಾವಳಿಯವರು, ಸುಣ್ಣದ ಗಾರೆಯ ಮೇಲೆ ಕೆರೆದು ಮಾಡುವ ಕಾವಿ ಕಲೆ ಕಲಿತವರು. ಮೂರನೆಯಾಕೆ ಆಗಷ್ಟೇ ಕಲಾ ಶಾಲೆ ಮುಗಿಸಿದ್ದ ಕಿರಿಯ ಕಲಾವಿದೆ. ಈ ಬರಹದಲ್ಲಿ ಅವರನ್ನು ಬೆಂಗಳೂರಿನವರು, ಕರಾವಳಿಯವರು, ಕಿರಿಯಾಕೆ ಅಂತಲೇ ಕರೆಯುತ್ತೇನೆ.

ದೆಹಲಿಯ ಲೋಧಿ ಕಾಲೊನಿಯ ಗೋಡೆ ಚಿತ್ರಗಳು ಹೆಸರು ಮಾಡಿದ ಮೇಲೆ ಇಂಥ ಕೆಲಸಕ್ಕೆ ಒಂದು ಮಾದರಿ ಸಿಕ್ಕಂತಾಗಿದೆ. ಅಲ್ಲಿ ಸರ್ಕಾರಿ ಕ್ವಾರ್ಟರ್ಸಿನ ಸಾಲು ಸಾಲು ಗೋಡೆಗಳಿವೆ. ಒಂದು ಕಡೆಯಿಂದ ಅನುಮತಿ ತಗೊಂಡರೆ ತುಂಬಾ ಗೋಡೆ ಸಿಗುತ್ತದೆ. ನಾನು ಅದೇ ಲೆಕ್ಕವನ್ನು ಊರಿಗೂ ಹಾಕಿದೆ. ಇನ್ನೊಂದು ಧೈರ್ಯವೂ ಇತ್ತು. ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಅನ್ನುವ ನಾಟಕ ಸಂಸ್ಥೆ ಇದೆ. ನಾಟಕದವರು, ಸಿನಿಮಾದವರು, ಬರಹಗಾರರು ಬಂದು ಹೋಗುವುದು ಈ ಸೀಮೆಯವರಿಗೆ ಹೊಸದಲ್ಲ. ಹೊರಗಿನ ಕಲಾವಿದರಿಗೆ ಇಲ್ಲಿ ಜಾಗ ಇದ್ದೇ ಇರುತ್ತದೆ ಅಂತ ನಂಬಿದ್ದೆ. ನಾಟಕ ನೋಡಲು ನಾವೇ ಎದ್ದು ಹೋಗುತ್ತೇವೆ. ಗೋಡೆಯ ಚಿತ್ರ ಮನೆಗೇ ಬಂದು ಕೂರುತ್ತದೆ. ಈ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಚಹಾ ನಿಂತ ದಿನ

ನಾವು ಹೋದದ್ದು ಜನವರಿ ಮೊದಲ ವಾರ. ಮಳೆ ಇಲ್ಲ, ಗೋಡೆ ಒಣಗಿರುತ್ತದೆ, ಬೆಳಕು ಚೆನ್ನಾಗಿರುತ್ತದೆ. ಬಣ್ಣದ ದೃಷ್ಟಿಯಿಂದ ಒಳ್ಳೆ ಸಮಯ. ಆದರೆ ಅದು ಅಡಿಕೆ ಕೊಯ್ಲಿನ ಸಮಯ. ಕೊಯ್ದ ಗೊನೆ ಆವತ್ತೇ ಮನೆಗೆ ಬರುತ್ತದೆ. ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ. ಸಂಜೆಯಿಂದ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಬೆಳಗ್ಗೆ ಬೇಯಿಸುವುದು, ಒಣಗಿಸುವುದು. ಅವರು ನಮ್ಮ ಜೊತೆ ಕೂತು ಮಾತಾಡುವ ಹೊತ್ತು ಎಲ್ಲಿತ್ತು?

ಬೆಂಗಳೂರಿನವರಿಗೆ ಎರಡನೇ ದಿನವೇ ಒಂದು ಗೋಡೆ ಹಿಡಿಸಿತು. ರಸ್ತೆಗೆ ಮುಖ ಮಾಡಿದ ಹಳೇ ಮಣ್ಣಿನ ಮನೆ. ಅಗಲವಾದ ಕೆಂಪು ಗೋಡೆ, ಒಂದೇ ಒಂದು ಸಣ್ಣ ಕಿಟಕಿ. ನಾನು ಮನೆಯ ಯಜಮಾನರನ್ನು ಕೇಳಿದೆ. ಪಹಣಿ, ಮನೆ ಎಲ್ಲ ಅವರ ಹೆಸರಲ್ಲೇ ಇದೆ. ‘ಬರೀರಿ ಸರ್, ಚೆಂದ ಆಗ್ತದೆ’ ಅಂದರು. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿದರು. ಒಳಗೆ ಅವರ ತಾಯಿ ಇದ್ದರು. ಊರಲ್ಲಿ ಯಾರದೇ ಮದುವೆ ಇರಲಿ, ಹಸೆ ಬರೆಯಲು ಮೊದಲು ಕರೆಯುವುದು ಆ ಅಜ್ಜಿಯನ್ನು. ಅವರನ್ನು ನಾನು ಮಾತಾಡಿಸಿದ್ದೆ. ಊಟ ಆಯ್ತಾ ಅಂತ ಕೇಳಿದ್ದೆ. ಗೋಡೆಯ ವಿಷಯ ಕೇಳಿರಲಿಲ್ಲ.

ಬೆಂಗಳೂರಿನವರು ಹಸೆ ಚಿತ್ತಾರದ ಫೋಟೋಗಳನ್ನು ತುಂಬಾ ದಿನದಿಂದ ನೋಡಿದ್ದರು. ಅವರಿಗೆ ಆ ಎಳೆಗಳ ಮೇಲೆ ನಿಜವಾದ ಪ್ರೀತಿ ಇತ್ತು. ಹಸೆಯನ್ನು ದೊಡ್ಡದು ಮಾಡಿ, ಗೋಡೆ ತುಂಬಾ ತಂದು, ನಡುವೆ ಮದುಮಕ್ಕಳು ಇರುವ ಜಾಗದಲ್ಲಿ ಒಂದು ಮಂಗಟ್ಟೆ ಹಕ್ಕಿಯನ್ನು ಕೂರಿಸುವುದು ಅವರ ಯೋಚನೆ. ಕಾಡಿಗೂ ಊರಿಗೂ ಮದುವೆ ಮಾಡಿಸಿದ ಹಾಗೆ. ಕಾಗದದ ಮೇಲೆ ನೋಡಿದಾಗ ನನಗೂ ತುಂಬಾ ಹಿಡಿಸಿತ್ತು. ಮೂರನೇ ದಿನ ಗೋಡೆಗೆ ಪ್ರೈಮರ್ ಬಿತ್ತು. ಅದರ ಮೇಲೆ ಹೊರಗೋಡೆಗೆ ಹಚ್ಚುವ ಅಕ್ರಿಲಿಕ್ ಬಣ್ಣ.

ಆವತ್ತು ಊರಿನ ಗಾರೆ ಕೆಲಸದವರೊಬ್ಬರು ಅಟ್ಟಣಿಗೆಗೆ ಬಿದಿರು ಕಟ್ಟಲು ಬಂದಿದ್ದರು. ಅವರು ಎರಡು ಮಾತು ಹೇಳಿದರು. ‘ಇದು ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟೋ ಗೋಡೆ. ನಾಲ್ಕು ತಿಂಗಳು ನಿಮ್ಮ ಚಿತ್ರ ಕಾಣೋದೇ ಇಲ್ಲ.’ ಆಮೇಲೆ, ‘ಮಣ್ಣಿನ ಗೋಡೆಗೆ ಈ ಬಣ್ಣ ಹಿಡಿಯೋದಿಲ್ಲ ಸರ್. ನೀರು ಕೆಳಗಿಂದ ಏರ್ತದೆ.’ ನಾನು ತಲೆ ಆಡಿಸಿದೆ. ಕೆಲಸ ನಿಲ್ಲಿಸಲಿಲ್ಲ.

ಅವರು ಹೇಳಿದ್ದು ಸರಿಯಾಗಿತ್ತು. ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಳ್ಳುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಕೆಮ್ಮಣ್ಣು, ಸುಣ್ಣ ಬಳಿದರೆ ಈ ಓಡಾಟ ನಿಲ್ಲುವುದಿಲ್ಲ. ಅಕ್ರಿಲಿಕ್ ಬಣ್ಣ ಒಣಗಿದರೆ ತೆಳು ಪ್ಲಾಸ್ಟಿಕ್ ಹಾಳೆಯ ಹಾಗೆ ಕೂರುತ್ತದೆ. ಒಳಗಿನ ತೇವ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಣ್ಣ ಗುಳ್ಳೆ ಏಳುತ್ತದೆ, ಬರುವಾಗ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ.

ಎಂಟನೇ ದಿನದ ಹೊತ್ತಿಗೆ ಗೋಡೆ ಮುಕ್ಕಾಲು ತುಂಬಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ಫೋಟೋ ತೆಗೆಯುತ್ತಿದ್ದರು. ಒಂಬತ್ತನೇ ದಿನ ಚಹಾ ಬರಲಿಲ್ಲ. ಅಲ್ಲಿಯವರೆಗೆ ದಿನಾ ನಾಲ್ಕು ಗಂಟೆಗೆ ಯಾವುದೋ ಒಂದು ಮನೆಯಿಂದ ಚಹಾ ಬರುತ್ತಿತ್ತು. ಯಾರೂ ಹೇಳಿ ಕಳಿಸಿದ್ದಲ್ಲ, ತಾನಾಗಿ ಬರುತ್ತಿತ್ತು. ಹತ್ತನೇ ದಿನವೂ ಬರಲಿಲ್ಲ. ಸಂಜೆ ಅಟ್ಟಣಿಗೆಯ ಕೆಳಗೆ ಆಡುತ್ತಿದ್ದ ಮಕ್ಕಳೂ ಕಾಣಲಿಲ್ಲ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮನೆಗೆ ಬಂದ ನೆಂಟರಿಗೆ ಈ ಕಡೆ ಯಾರೂ ಹಾಗೆ ಹೇಳುವುದಿಲ್ಲ.

ನಾವು ಮಾಡಿ ನೋಡಿದ್ದು

ಏನೋ ಸರಿ ಇಲ್ಲ ಅಂತ ಗೊತ್ತಾಯಿತು. ಏನು ಅಂತ ಗೊತ್ತಾಗಲಿಲ್ಲ. ಮೊದಲು ಒಂದು ಸಭೆ ಕರೆದೆ. ಸಮುದಾಯ ಭವನದಲ್ಲಿ ಕುರ್ಚಿ ಹಾಕಿ, ಮೈಕ್ ಇಟ್ಟು. ಬಂದವರೆಲ್ಲ ಗಂಡಸರು. ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಬಂದವರು ‘ಒಳ್ಳೆ ಕೆಲಸ, ಊರಿಗೆ ಹೆಸರು ಬರ್ತದೆ’ ಅಂದರು. ಒಬ್ಬರು ಬಸ್ ನಿಲ್ದಾಣಕ್ಕೂ ಬಣ್ಣ ಹೊಡೆಸಿಕೊಡಿ ಅಂತ ಕೇಳಿದರು. ನಾನು ನೆಮ್ಮದಿಯಿಂದ ಮಲಗಿದೆ. ಚಹಾ ಮಾತ್ರ ಮರುದಿನವೂ ಬರಲಿಲ್ಲ.

ಆಮೇಲೆ ಇನ್ನೊಂದು ಯೋಚನೆ ಬಂತು. ಊರಿನ ಹೆಂಗಸರನ್ನೇ ಕೆಲಸಕ್ಕೆ ಸೇರಿಸಿಕೊಳ್ಳೋಣ, ದಿನಗೂಲಿ ಕೊಡೋಣ. ಆಗ ಚಿತ್ರ ಅವರದೂ ಆಗುತ್ತದೆ ಅಲ್ವಾ? ಐದು ಜನ ಬಂದರು. ಬೆಂಗಳೂರಿನವರು ಗೆರೆ ಹಾಕಿಕೊಟ್ಟರು, ಅವರು ಒಳಗೆ ಬಣ್ಣ ತುಂಬಿದರು. ಎರಡನೇ ದಿನ ಅವರಲ್ಲಿ ಒಬ್ಬರು ಬ್ರಶ್ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ‘ಎಳೆ ಎಳೆಯೋದು ನೀವು, ಬಣ್ಣ ತುಂಬೋದು ನಾವಾ?’ ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಸುಮ್ನೆ ಕೇಳಿದ ಹಾಗೆ ಕೇಳಿದರು. ಮೂರನೇ ದಿನ ಐವರೂ ಬರಲಿಲ್ಲ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಹೆಂಗಸರ ವಿದ್ಯೆ ಇರುವುದೇ ಎಳೆಯಲ್ಲಿ. ಕೈ ನಡುಗದ ಹಾಗೆ, ಎರಡು ಎಳೆಗಳ ನಡುವಿನ ಜಾಗ ಕೆಡದ ಹಾಗೆ ಪುಂಡಿ ನಾರನ್ನು ಓಡಿಸುವುದಕ್ಕೆ ವರ್ಷಗಳು ಬೇಕು. ಆ ವಿದ್ಯೆಯನ್ನು ಪಕ್ಕಕ್ಕಿಟ್ಟು, ಯಾರು ಬೇಕಾದರೂ ಮಾಡಬಹುದಾದ ಕೆಲಸವನ್ನು ಅವರ ಕೈಗೆ ಕೊಟ್ಟಿದ್ದೆವು. ಅದಕ್ಕೆ ‘ಪಾಲ್ಗೊಳ್ಳುವಿಕೆ’ ಅಂತ ನಮ್ಮ ವರದಿಯಲ್ಲಿ ಬರೆದುಕೊಂಡೂ ಆಗಿತ್ತು.

ಆ ರಾತ್ರಿ ಮೂವರು ಕಲಾವಿದರೂ ನಾನೂ ಕೂತು ಮಾತಾಡಿದೆವು. ಬೆಂಗಳೂರಿನವರಿಗೆ ನೋವಾಗಿತ್ತು. ‘ನಾನು ಗೌರವದಿಂದಲೇ ಬರೆದಿದ್ದೇನೆ’ ಅಂದರು. ಅದು ನಿಜ. ಕೆಲಸ ನಿಲ್ಲಿಸೋಣ ಅಂದವರು ಕರಾವಳಿಯವರು. ‘ನನ್ನ ಸುಣ್ಣ ಹೇಗೂ ಇನ್ನೂ ನೆನೆಯುತ್ತಾ ಇದೆ. ನಾನು ಕಾಯುತ್ತಿಲ್ವಾ? ಎಲ್ಲರೂ ಕಾಯೋಣ.’ 13ನೇ ದಿನದಿಂದ ಯಾವ ಗೋಡೆಯನ್ನೂ ಮುಟ್ಟಬಾರದು ಅಂತ ತೀರ್ಮಾನ ಮಾಡಿದೆವು. ಎಷ್ಟು ದಿನ ಅಂತ ಹೇಳಿಕೊಳ್ಳಲಿಲ್ಲ. ಇಡೀ 28 ದಿನದಲ್ಲಿ ನಾವು ಮಾಡಿದ ಒಳ್ಳೆಯ ನಿರ್ಧಾರ ಅದು ಅಂತ ಈಗಲೂ ಅನ್ನಿಸುತ್ತದೆ. ಆವತ್ತು ಅದು ಸೋಲಿನ ಹಾಗೆ ಕಂಡಿತ್ತು.

ಅಡಿಕೆ ಸುಲಿಯುವ ಚಪ್ಪರದಲ್ಲಿ

ಕೆಲಸ ಇಲ್ಲದ ಮೇಲೆ ಕಿರಿಯಾಕೆ ಅಜ್ಜಿಯ ಮನೆಯ ಚಪ್ಪರಕ್ಕೆ ಹೋಗಿ ಕೂತಳು. ಯಾರೂ ಹೇಳಿದ್ದಲ್ಲ. ಮೊದಲ ದಿನ ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬಿಕೊಟ್ಟಳು. ಎರಡನೇ ದಿನ ಒಂದು ಮೆಟ್ಟುಗತ್ತಿ ಕೊಟ್ಟರು. ಬೆರಳು ಕೊಯ್ದುಕೊಂಡಳು. ಅಜ್ಜಿಯ ಸೊಸೆ ಅರಿಶಿನ ಒತ್ತಿ ಬಟ್ಟೆ ಸುತ್ತಿದರು. ಅಂದಿನಿಂದ ಅವಳು ಆ ಮನೆಯಲ್ಲಿ ‘ತಂಗಿ’ ಆದಳು.

ಅಡಿಕೆ ಬೇಯಿಸಿ ತೆಗೆದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರಿಗೆ ಚೊಗರು ಅನ್ನುತ್ತಾರೆ. ಹೆಗ್ಗೋಡಿನ ಕಡೆ ಕೈಮಗ್ಗದ ಬಟ್ಟೆಗೆ ಇದರ ಬಣ್ಣ ಹಾಕುತ್ತಾರೆ. ಅವಳು ಒಂದು ಲೋಟ ಚೊಗರು ತಂದು, ಸುಣ್ಣ ಬಳಿದ ಹಲಗೆಯ ಮೇಲೆ ಹಚ್ಚಿ ನೋಡಿದಳು. ಸುಣ್ಣ ತಾಗಿದ ತಕ್ಷಣ ಬಣ್ಣ ಇನ್ನೂ ಕೆಂಪೇರಿತು. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದೂ ಹೀಗೇ. ಅಲ್ಲಿ ಕೂತಿದ್ದ ಹೆಂಗಸರು ಹಲಗೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕೆಲವು ದಿನ ಬಿಸಿಲಲ್ಲಿ ಇಟ್ಟಾಗ ಅದು ಕಂದು ಬಣ್ಣಕ್ಕೆ ತಿರುಗಿತು. ಗೋಡೆಗೆ ಬರುವ ಬಣ್ಣ ಆಗಲಿಲ್ಲ. ಆದರೆ ಬಣ್ಣದ ಮಾತು ಶುರುವಾದದ್ದು ಆ ಹಲಗೆಯಿಂದ.

15ನೇ ದಿನ ರಾತ್ರಿ ಬಲ್ಬಿನ ಕೆಳಗೆ ಹತ್ತು ಹನ್ನೆರಡು ಜನ ಸುಲಿಯುತ್ತಿದ್ದರು. ನಾನೂ ಬೆಂಗಳೂರಿನವರೂ ಅಲ್ಲಿದ್ದೆವು. ಕಿರಿಯಾಕೆ ಕತ್ತಿಯ ಮೇಲಿಂದ ಕಣ್ಣೆತ್ತದೆ, ‘ಅಜ್ಜಿ, ಹೊರಗಿನ ಗೋಡೆ ನಿಮಗೆ ಚೆಂದ ಕಾಣ್ತದಾ?’ ಅಂತ ಕೇಳಿದಳು. ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಅಜ್ಜಿಗೆ ಯಾರೂ ಕೇಳಿರಲಿಲ್ಲ.

ಅಜ್ಜಿ ನಾಲ್ಕೈದು ಅಡಿಕೆ ಸುಲಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. ‘ನೋಡು ತಮಾ, ನಾವು ಬರೆದದ್ದು ಹೋಗ್ತದೆ. ಮತ್ತೆ ಕೆಮ್ಮಣ್ಣು ಬಳೀತೇವೆ. ಮದುವೆ ಬಂದ್ರೆ ಮತ್ತೆ ಬರೀತೇವೆ. ನೀವು ಹೋಗದ ಬಣ್ಣ ಹಚ್ಚಿದ್ರಿ. ಮದುವೆ ಇಲ್ಲದ ಮನೇಲಿ ಹಸೆ ಯಾಕೆ ನಿಂತಿರ್ಬೇಕು? ಕೂರೋ ಮಕ್ಕಳಿಲ್ಲ, ಹಾಡಿಲ್ಲ, ರಸ್ತೆ ಬದಿ ಧೂಳಲ್ಲಿ.’

ಹಕ್ಕಿಯ ಬಗ್ಗೆ ತಕರಾರು ಇರಬಹುದು ಅಂತ ನಾವು ಅಂದುಕೊಂಡಿದ್ದೆವು. ಹಸೆಯನ್ನು ಹೊರಗಿನವರು, ಅದರಲ್ಲೂ ಗಂಡಸು, ಬರೆದದ್ದಕ್ಕೆ ಬೇಜಾರು ಇರಬಹುದು ಅಂತಲೂ ಅಂದುಕೊಂಡಿದ್ದೆವು. ಅವರು ಎರಡನ್ನೂ ಎತ್ತಲಿಲ್ಲ. ಅವರಿಗೆ ನೋವಾದದ್ದು ಬಣ್ಣ ಹೋಗುವುದಿಲ್ಲ ಅನ್ನುವುದಕ್ಕೆ. ನಾವು ಹಣ ಕೊಟ್ಟವರ ಹತ್ತಿರ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡಿದ್ದೆವು, ಐದಾರು ವರ್ಷ ಬಾಳುವ ಬಣ್ಣ ಅಂತ. ಅಜ್ಜಿಯ ಲೆಕ್ಕದಲ್ಲಿ ಚಿತ್ತಾರಕ್ಕೆ ಬರುವ ಹೊತ್ತು ಇದೆ, ಹೋಗುವ ಹೊತ್ತೂ ಇದೆ. ಹೋದರೆ ತಾನೇ ಮುಂದಿನ ಮದುವೆಗೆ ಸೊಸೆ ಬರೆಯುವುದು, ಮೊಮ್ಮಗಳು ಕಲಿಯುವುದು?

ಬೆಂಗಳೂರಿನವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ‘ತೆಗೆದುಬಿಡಲಾ ಅಮ್ಮ?’ ಅಂತ ಕೇಳಿದರು. ಅಜ್ಜಿ ‘ಹೋಗ್ತದಾ?’ ಅಂದರು.

ಕೆರೆದ ದಿನಗಳು

ಹೋಗುವುದು ಸುಲಭ ಇರಲಿಲ್ಲ. ನಮ್ಮೊಳಗೆ ಚರ್ಚೆಯೂ ಆಯಿತು. ಒಂದು ದಾರಿ, ಹಕ್ಕಿಯನ್ನು ಅಳಿಸಿ ನಡುವಿನ ಜಾಗ ಖಾಲಿ ಬಿಡುವುದು. ಇನ್ನೊಂದು, ಹಾಗೇ ಬಿಟ್ಟು ಮಳೆಗಾಲ ಅದನ್ನು ಕೀಳುವವರೆಗೆ ಕಾಯುವುದು. ಎರಡೂ ನಮಗೆ ಅನುಕೂಲ, ಮನೆಯವರಿಗಲ್ಲ. ಮಳೆಗಾಲದಲ್ಲಿ ಬಣ್ಣ ಮಣ್ಣು ಕಿತ್ತುಕೊಂಡು ಬಂದರೆ ಆಗ ನಾವು ಅಲ್ಲಿ ಇರುವುದಿಲ್ಲ. ಒದ್ದೆ ಗೋಡೆ ಇಟ್ಟುಕೊಂಡು ಒದ್ದಾಡುವವರು ಅವರು. ಕೊನೆಗೆ ಪೂರ್ತಿ ಕೆರೆಯುವುದು ಅಂತಾಯಿತು. ಖರ್ಚು ರೆಸಿಡೆನ್ಸಿಯದು.

ಗಾರೆ ಕೆಲಸದವರು ಮತ್ತೆ ಬಂದರು. ‘ಹೇಳಿದ್ದೆ ಅಲ್ವಾ’ ಅಂತ ಒಂದು ಸಲವೂ ಅನ್ನಲಿಲ್ಲ. ಅವರೂ ಬೆಂಗಳೂರಿನವರೂ ಅಟ್ಟಣಿಗೆಯ ಮೇಲೆ ಅಕ್ಕಪಕ್ಕ ಕೂತು ಉಜ್ಜಿದರು. ಬಣ್ಣದ ಜೊತೆ ಮೇಲಿನ ಮಣ್ಣೂ ಬಂತು. ಕೆಲವು ಕಡೆ ಬೆರಳಿನಷ್ಟು ಆಳಕ್ಕೆ ಬಂತು. ಮಣ್ಣು ಜರಡಿ ಹಿಡಿದು, ಹೊಟ್ಟು, ಸಗಣಿ ಸೇರಿಸಿ ತುಳಿದು, ಒಂದು ರಾತ್ರಿ ಬಿಟ್ಟು, ಮತ್ತೆ ಮೆತ್ತಿದರು. ಕೆರೆಯುವುದು, ಮೆತ್ತುವುದು ಸೇರಿ ನಾಲ್ಕು ದಿನ ಹಿಡಿಯಿತು. ಒಣಗಿದ ಮೇಲೆ ಅಜ್ಜಿಯ ಸೊಸೆ ಕೆಮ್ಮಣ್ಣು ಬಳಿದರು. ಆ ಹೊತ್ತಿಗೆ ಬೆಂಗಳೂರಿನವರ ಕೈ ಮೊಣಕೈವರೆಗೆ ಕೆಂಪಾಗಿತ್ತು. ಮಣ್ಣಿಗೆ ಎಷ್ಟು ನೀರು, ಹೊಟ್ಟು ಯಾಕೆ, ಬಿರುಕು ಬಂದರೆ ಏನು ಮಾಡಬೇಕು, ಎಲ್ಲವನ್ನೂ ಅವರು ಬರೆದುಕೊಂಡರು. 20ನೇ ದಿನ ಗೋಡೆ ಮೊದಲಿನ ಹಾಗೆ ಬರಿದಾಗಿ, ಕೆಂಪಾಗಿ ನಿಂತಿತ್ತು. ಅಂದು ಸಂಜೆ ನಾಲ್ಕಕ್ಕೆ ಚಹಾ ಬಂತು. ಜೊತೆಗೆ ಹಲಸಿನ ಹಪ್ಪಳ ಕೂಡ.

ಹಣ ಕೊಟ್ಟವರಿಗೆ ಫೋನ್ ಮಾಡಿ ಆರು ಗೋಡೆ ಆಗುವುದಿಲ್ಲ, ಎರಡು ಆಗಬಹುದು ಅಂತ ಹೇಳಿದೆ. ಬರೆದು ಮುಗಿಸುತ್ತಾ ಬಂದ ಚಿತ್ರವನ್ನು ನಾವೇ ತೆಗೆದೆವು ಅನ್ನುವುದು ಅವರಿಗೆ ಅರ್ಥವಾಗಲು ಸಮಯ ಬೇಕಾಯಿತು. ಕೊನೆಯ ಕಂತು ತಡವಾಗಿ ಬಂತು. ಆದರೆ ಬಂತು.

ಉಳಿದ ಎರಡು ಗೋಡೆ

ಕರಾವಳಿಯವರ ಕಥೆ ಇದೇ 28 ದಿನದಲ್ಲಿ ಬೇರೆಯೇ ರೀತಿ ನಡೆಯುತ್ತಿತ್ತು. ಕಾವಿ ಕಲೆ ಕೊಂಕಣ ಕರಾವಳಿಯ ದೇವಸ್ಥಾನ, ಮನೆಗಳ ಗೋಡೆಯದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಮಣ್ಣು ಬೆರೆಸಿದ ಸುಣ್ಣದ ತೆಳು ಪದರ ಹಾಕಿ, ಅದು ಪೂರ್ತಿ ಒಣಗುವ ಮೊದಲು ಕಬ್ಬಿಣದ ಮೊನೆಯಿಂದ ಕೆಂಪನ್ನು ಕೆರೆಯುತ್ತಾರೆ. ಕೆಳಗಿನ ಬಿಳಿ ಕಾಣುತ್ತದೆ. ಅದೇ ಚಿತ್ರ. ಗೋಡೆಯ ಮೇಲೆ ಬಣ್ಣ ಕೂರುವುದಿಲ್ಲ, ಗೋಡೆಯೇ ಚಿತ್ರ ಆಗುತ್ತದೆ.

ಇದಕ್ಕೆ ಸುಣ್ಣ ಹದವಾಗಬೇಕು. ಅವರು ಬಂದ ಎರಡನೇ ದಿನವೇ ಕರಾವಳಿಯಿಂದ ತಂದ ಚಿಪ್ಪಿನ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ನೆನೆಸಿಟ್ಟರು. ಎರಡು ವಾರ ಬೇಕು ಅಂದರು. 28ರಲ್ಲಿ 14 ದಿನ ಬರೀ ಕಾಯುವುದು ಅಂತ ಕೇಳಿ ನನಗೆ ಆಗ ಕೈಕಾಲು ತಣ್ಣಗಾಗಿತ್ತು. ಅವರು ಆ ದಿನಗಳನ್ನು ಶಾಲೆಯಲ್ಲಿ ಕಳೆದರು. ಮುಖ್ಯ ಶಿಕ್ಷಕರು ಮತ್ತು ಶಾಲಾ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರ ಒಪ್ಪಿಗೆ ಪಡೆದು, ಜಗಲಿಯ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗದ ಸಿಮೆಂಟ್ ಗಾರೆ ತೆಗೆಸಿದರು. ಒಳಗೆ ಜಂಬಿಟ್ಟಿಗೆ ಕಲ್ಲು ಕಂಡಿತು. ಜಂಬಿಟ್ಟಿಗೆಯ ತೂತುಗಳಲ್ಲಿ ಸುಣ್ಣದ ಗಾರೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ದಿನಾ ಮಧ್ಯಾಹ್ನ ಮಕ್ಕಳು ಬಾಳೆ ಎಲೆಯ ಮೇಲೆ ಒದ್ದೆ ಮಣ್ಣು ಹರಡಿ ಕಡ್ಡಿಯಿಂದ ಗೀಚಿ ಅಭ್ಯಾಸ ಮಾಡಿದರು. ಗೋಡೆಯ ದಿನ ಬೆಳಗ್ಗೆ ಎಂಟಕ್ಕೆ ಗಾರೆ ಬಿತ್ತು, ಸಂಜೆ ಐದಕ್ಕೆ ಮುಗಿಯಿತು. ತಪ್ಪಿದರೆ ತಿದ್ದಲು ಸಮಯ ಇಲ್ಲದ ಕೆಲಸ. ನವಿಲು, ಎತ್ತು, ಅಡಿಕೆ ಮರ ಹತ್ತುವ ಕೊನೆಗಾರ, ಕಿಟಕಿ ತುಂಬಾ ತಲೆಗಳಿರುವ ಕೆಂಪು ಬಸ್ಸು. ಬಸ್ಸು ಬರೆದದ್ದು ನಾಲ್ಕನೇ ತರಗತಿಯ ಹುಡುಗಿ.

ಬೆಂಗಳೂರಿನವರಿಗೆ ಉಳಿದದ್ದು ಎಂಟು ದಿನ. ಸಮುದಾಯ ಭವನದ ಸಿಮೆಂಟ್ ಗೋಡೆಗೆ ಪಂಚಾಯಿತಿಯಿಂದ ಠರಾವು ಮಾಡಿಸಿಕೊಂಡೆವು. ಅವರ ಬಣ್ಣ ಸರಿಯಾಗಿ ಹಿಡಿಯುವ ಗೋಡೆ ಅದು. ಈ ಸಲ ಚಿತ್ತಾರದ ಒಂದು ಎಳೆಯನ್ನೂ ಅವರು ಮುಟ್ಟಲಿಲ್ಲ. ಕತ್ತಲು, ಒಂದು ಬಲ್ಬು, ಅದರ ಕೆಳಗೆ ಮೆಟ್ಟುಗತ್ತಿಗಳು, ಅಡಿಕೆ, ಕೈಗಳು. ಮುಖ ಯಾರದೂ ಇಲ್ಲ. ಬರೆಯುವ ಮೊದಲು ಹಾಳೆಯ ಮೇಲಿನ ಚಿತ್ರವನ್ನು ಚಪ್ಪರಕ್ಕೆ ಒಯ್ದು ತೋರಿಸಿದರು. ಕತ್ತಿ ಹಿಡಿದ ಕೈಯ ಕೋನ ತಪ್ಪಾಗಿದೆ ಅಂತ ಹೆಂಗಸರು ತೋರಿಸಿಕೊಟ್ಟರು. ‘ಹಾಗೆ ಹಿಡಿದ್ರೆ ಕೈ ಹೋಗ್ತದೆ.’ ಅವರು ತಿದ್ದಿದರು. ಈಗ ಊರಿನವರು ಆ ಗೋಡೆಯ ಮುಂದೆ ನಿಂತು ಇದು ಇವಳ ಕೈ, ಅದು ಅವಳ ಕೈ ಅಂತ ಬಳೆ ನೋಡಿ ಗುರುತಿಸುತ್ತಾರೆ.

ಕಿರಿಯಾಕೆ ಒಂದು ಗೋಡೆಯನ್ನೂ ಬರೆಯಲಿಲ್ಲ. ಇದನ್ನು ವರದಿಯಲ್ಲಿ ಹೇಗೆ ಬರೆಯುವುದು ಅಂತ ನಾನು ತುಂಬಾ ಯೋಚಿಸಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಬರೆದೆ.

ನಂತರ ಬದಲಾದದ್ದು

ನನ್ನ ದೊಡ್ಡ ತಪ್ಪು, ಗೋಡೆ ಯಾರದು ಅನ್ನುವ ಪ್ರಶ್ನೆಗೆ ಪಹಣಿಯಲ್ಲಿ ಉತ್ತರ ಹುಡುಕಿದ್ದು. ಮಣ್ಣಿನ ಗೋಡೆಯ ಮಟ್ಟಿಗೆ ಅದನ್ನು ವರ್ಷ ವರ್ಷ ಬಳಿಯುವವರು ಯಾರೋ ಅವರದೇ ಅದು. ಈ ಕಡೆ ಅದು ಯಾವಾಗಲೂ ಒಬ್ಬ ಹೆಂಗಸು. ಈಗ ನಾವು ಮೊದಲು ಅವರನ್ನು ಕೇಳುತ್ತೇವೆ. ಕೇಳುವುದೂ ಸಭೆಯಲ್ಲಿ ಅಲ್ಲ. ಅವರ ಕೆಲಸದ ಜಾಗದಲ್ಲಿ, ಅವರ ಕೈ ಕೆಲಸ ಮಾಡುತ್ತಿರುವಾಗ. ಒಂದೇ ದಿನ ಕೇಳಿ ಹೂಂ ಅನ್ನಿಸಿಕೊಂಡು ಬರುವುದೂ ಇಲ್ಲ. ‘ನೋಡುವಾ’ ಅಂದರೆ ಬೇಡ ಅಂತ ಅರ್ಥ. ಅದು ನನಗೆ ಮೊದಲೇ ಗೊತ್ತಿರಬೇಕಿತ್ತು, ನಾನೂ ಮಲೆನಾಡಿನವನೇ.

ಕಲಾವಿದರ ಒಪ್ಪಂದದಲ್ಲಿ ಒಂದು ಹೊಸ ಸಾಲು ಸೇರಿಸಿದ್ದೇವೆ. ಚಿತ್ರ ಬೇಡವಾದರೆ ತೆಗೆಯುವುದು ಹೇಗೆ, ಖರ್ಚು ಯಾರದು, ಬರೆಯುವ ಮೊದಲೇ ಇದು ತೀರ್ಮಾನ ಆಗಿರಬೇಕು. ತೆಗೆಯುವ ದಾರಿ ಗೊತ್ತಿಲ್ಲದ ಬಣ್ಣವನ್ನು ಮಣ್ಣಿನ ಗೋಡೆಗೆ ಹಚ್ಚುವುದಿಲ್ಲ. ಅಕ್ರಿಲಿಕ್ ಬಣ್ಣ ಸಿಮೆಂಟಿಗೆ ಮಾತ್ರ. ಗಾರೆ ಕೆಲಸದವರನ್ನು ಮೊದಲ ದಿನದಿಂದಲೇ ಸಂಬಳ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುತ್ತೇವೆ, ಬಿದಿರು ಕಟ್ಟುವುದಕ್ಕೆ ಮಾತ್ರ ಅಲ್ಲ. ಹಣ ಕೇಳುವಾಗ ಇಷ್ಟು ಗೋಡೆ ಅಂತ ಬರೆದುಕೊಡುವುದನ್ನು ನಿಲ್ಲಿಸಿದ್ದೇವೆ. ಇದರಿಂದ ಒಂದು ಕಡೆಯ ಹಣ ತಪ್ಪಿಯೂ ಹೋಯಿತು.

ಹೆಂಗಸರಿಗೆ ಈಗ ಕೂಲಿ ಕೊಡುವುದಿಲ್ಲ. ಅವರು ಹೇಳಿಕೊಟ್ಟರೆ ಕಲಾವಿದರಿಗೆ ಕೊಡುವಷ್ಟೇ ಗೌರವಧನ ಕೊಡುತ್ತೇವೆ. ಹೇಳಿಕೊಡಲು ಇಷ್ಟ ಇಲ್ಲದಿದ್ದರೆ ಅದೂ ಸರಿ.

ಈ ವಿಷಯದಲ್ಲಿ ನನಗೆ ಮಿಥಿಲೆಯ ನೆನಪು ಬರುತ್ತದೆ. ಬಿಹಾರದ ಮಧುಬನಿಯ ಹೆಂಗಸರು ಮದುವೆಯ ಕೋಣೆಯ ಗೋಡೆಗೆ ಬರೆಯುತ್ತಿದ್ದ ಕೊಹಬರ್ ಚಿತ್ರಕ್ಕೂ ನಮ್ಮ ಹಸೆಗೂ ತುಂಬಾ ಹತ್ತಿರ. 1966-67ರ ಬರಗಾಲದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಅಲ್ಲಿಗೆ ಭಾಸ್ಕರ ಕುಲಕರ್ಣಿ ಅನ್ನುವ ಕಲಾವಿದರನ್ನು ಕಳಿಸಿತು. ಅವರು ಹೆಂಗಸರಿಗೆ ಕಾಗದ ಕೊಟ್ಟರು. ಆ ಹೆಂಗಸರ ಕೈಗೆ ದುಡ್ಡು ಬಂತು, ಹೆಸರು ಬಂತು. 1975ರಲ್ಲಿ ಜಗದಂಬಾ ದೇವಿಯವರಿಗೆ ಪದ್ಮಶ್ರೀ ಬಂತು. ಅಲ್ಲಿಯೂ ಹೊರಗಿನ ಕಲಾವಿದ ಬಂದದ್ದೇ. ಆದರೆ ಗೆರೆ ಎಳೆದದ್ದು ಊರಿನ ಹೆಂಗಸರು. ಕುಲಕರ್ಣಿಯವರ ಕೆಲಸವನ್ನು ನಾನು ಎಷ್ಟೋ ಸಲ ಉದಾಹರಣೆಯಾಗಿ ಹೇಳಿದ್ದೆ. ಹೇಳುವಾಗ ಈ ಒಂದು ವಿಷಯವನ್ನು ಸರಿಯಾಗಿ ನೋಡಿರಲಿಲ್ಲ.

ಹಸೆಯೂ ಈಗ ಕಾಗದಕ್ಕೆ, ಬಟ್ಟೆಗೆ ಬಂದಿದೆ. ಬರೆದು ಮಾರುವವರಿದ್ದಾರೆ. ಅದರಿಂದ ಮನೆ ನಡೆಯುತ್ತದೆ, ಒಳ್ಳೆಯದೇ. ಈ ಊರಿನ ಅಜ್ಜಿಗೂ ಅದರ ಬಗ್ಗೆ ಬೇಸರ ಇಲ್ಲ. ಕಾಗದವನ್ನು ಮಡಿಸಿ ಒಳಗಿಡಬಹುದು. ಗೋಡೆಯನ್ನು ಹಾಗೆ ಮಾಡಲು ಬರುವುದಿಲ್ಲ ಅಂತ ಅವರು ಒಮ್ಮೆ ನನಗೆ ಹೇಳಿದರು.

ಮುಂದಿನ ರೆಸಿಡೆನ್ಸಿಯನ್ನು ಮಾರ್ಚ್ ಎರಡನೇ ವಾರಕ್ಕೆ ಇಟ್ಟೆವು, ಕೊನೆಯ ಅಡಿಕೆ ಸುಲಿದು ಮುಗಿದ ಮೇಲೆ. ಬಿಸಿಲು ಜಾಸ್ತಿ ಇತ್ತು. ಬಣ್ಣ ಬೇಗ ಒಣಗಿ ಕಲಾವಿದರಿಗೆ ಕಷ್ಟವೇ ಆಯಿತು. ಆದರೆ ಹೆಂಗಸರಿಗೆ ಪುರುಸೊತ್ತು ಇತ್ತು.

ಕಿರಿಯಾಕೆ ಆ ವರ್ಷದ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದಳು. ರೆಸಿಡೆನ್ಸಿ ಲೆಕ್ಕದಲ್ಲಿ ಅಲ್ಲ, ಅಜ್ಜಿಯ ಮನೆಯವರು ಕರೆದಿದ್ದರು. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ಅಜ್ಜಿ ಪುಂಡಿ ನಾರು ಕೊಟ್ಟು ಬುಟ್ಟಿಯ ಹಿಂಬದಿ ತೋರಿಸಿ, ‘ಇಲ್ಲಿ ಬರಿ’ ಅಂದರು. ಅವಳ ಎಳೆ ಎರಡು ಕಡೆ ಸೊಟ್ಟಗಾಯಿತು. ಒರೆಸಲು ಹೋದಾಗ ಅಜ್ಜಿ ಬಿಡಲಿಲ್ಲ. ಆ ಸೊಟ್ಟ ಎಳೆಯ ಪಕ್ಕ ಅಷ್ಟೇ ಸೊಟ್ಟಗೆ ಇನ್ನೊಂದು ಎಳೆ ಎಳೆದು ಅದನ್ನು ಸರಿ ಮಾಡಿದರು. ಬೆಳಗಿನ ಜಾವ ಬುಟ್ಟಿ ಗದ್ದೆಗೆ ಹೋಯಿತು.